ಎರಡು ಪೆನ್ಸಿನ ಜಗಳ: ರೂಪಾಯಿ ಮತ್ತು ಪೌಂಡಿನ ಹಳೆಯ ಲೆಕ್ಕ

ಸ್ವಾತಂತ್ರ್ಯೋತ್ಸವ ಸಮೀಪಿಸಿದಾಗಲೆಲ್ಲ ಒಂದು ಮಾತು ಎಲ್ಲೆಡೆ ಹರಿದಾಡುತ್ತದೆ: "1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು." ಹತ್ತನೆಯ ತರಗತಿಯ ಮಕ್ಕಳು ಪ್ರತಿವರ್ಷವೂ ನನ್ನನ್ನು ಇದರ ಬಗ್ಗೆ ಕೇಳುತ್ತಿದ್ದರು. ಈ ಮಾತು ನಿಜವಲ್ಲ. ಆಗ ನಮ್ಮ ರೂಪಾಯಿ ಬ್ರಿಟನ್ನಿನ ಪೌಂಡಿಗೆ ಕಟ್ಟಿಹಾಕಲ್ಪಟ್ಟಿತ್ತು. ಒಂದು ರೂಪಾಯಿಗೆ 1 ಷಿಲ್ಲಿಂಗ್ 6 ಪೆನ್ಸ್, ಅಂದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಒಂದು ಪೌಂಡಿಗೆ 4 ಡಾಲರ್ 3 ಸೆಂಟ್ ಇದ್ದುದರಿಂದ, ಒಂದು ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಕೊಡಬೇಕಾಗುತ್ತಿತ್ತು.

ಆದರೆ ಆ 1 ಷಿಲ್ಲಿಂಗ್ 6 ಪೆನ್ಸ್ ಎಂಬ ದರ ಎಲ್ಲಿಂದ ಬಂತು? ಇದರ ಹಿಂದೆ ಅರ್ಧ ಶತಮಾನದ ಕಥೆಯಿದೆ.

12 ಪೆನ್ಸಿಗೆ ಒಂದು ಷಿಲ್ಲಿಂಗ್, 20 ಷಿಲ್ಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವನ್ನು ನೆನಪಿನಲ್ಲಿಡೋಣ. ನಮ್ಮ ರೂಪಾಯಿ ಒಂದು ತೊಲ ತೂಕದ ಬೆಳ್ಳಿಯ ನಾಣ್ಯ. ಪೌಂಡಿನ ಆಧಾರ ಚಿನ್ನ. 1870ರ ದಶಕದ ಆರಂಭದವರೆಗೆ ಒಂದು ರೂಪಾಯಿಗೆ ಸುಮಾರು 2 ಷಿಲ್ಲಿಂಗ್ ಬರುತ್ತಿತ್ತು. ಅನಂತರ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ಬದಲಾಯಿತು. ಅಮೆರಿಕದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಬಂತು. ಬೆಳ್ಳಿಯ ಬೆಲೆ ಕುಸಿಯಿತು. ಅದರೊಡನೆ ರೂಪಾಯಿಯೂ ಕುಸಿಯಿತು. 1892-93ರ ಹೊತ್ತಿಗೆ ಒಂದು ರೂಪಾಯಿಗೆ ಸಿಗುತ್ತಿದ್ದುದು ಸರಿಸುಮಾರು 1 ಷಿಲ್ಲಿಂಗ್ 3 ಪೆನ್ಸ್ ಮಾತ್ರ.

ಇದರ ಹೊರೆ ಯಾರ ಮೇಲೆ ಬಿತ್ತೆಂಬುದೇ ಮುಖ್ಯ. ಭಾರತ ಸರ್ಕಾರವು ನಿವೃತ್ತ ಆಂಗ್ಲ ಅಧಿಕಾರಿಗಳ ಪಿಂಚಣಿ, ರೈಲ್ವೆ ಸಾಲದ ಬಡ್ಡಿ, ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚು ಮುಂತಾದವನ್ನು ಪೌಂಡಿನಲ್ಲಿ ತೆರಬೇಕಾಗಿತ್ತು. ಇದಕ್ಕೆ 'ಹೋಂ ಚಾರ್ಜಸ್' ಎಂದು ಹೆಸರು. 1892-93ರಲ್ಲಿ ಹೀಗೆ ಕಳುಹಿಸಿದ ಸುಮಾರು 1.65 ಕೋಟಿ ಪೌಂಡಿಗೆ ತಗಲಿದ ಹಣ ಸುಮಾರು 26.5 ಕೋಟಿ ರೂಪಾಯಿ. 1873-74ರ ದರವೇ ಉಳಿದಿದ್ದರೆ ಸುಮಾರು 17.75 ಕೋಟಿ ರೂಪಾಯಿ ಸಾಕಾಗುತ್ತಿತ್ತು. ಈ ವ್ಯತ್ಯಾಸವನ್ನು ತುಂಬಬೇಕಾದವನು ತೆರಿಗೆ ಕಟ್ಟುವ ಪ್ರಜೆ.

ಹರ್ಷೆಲ್ ಸಮಿತಿಯ ಸಲಹೆಯಂತೆ 1893ರ ಜೂನ್‌ನಲ್ಲಿ, ಯಾರು ಬೇಕಾದರೂ ಬೆಳ್ಳಿ ತಂದು ನಾಣ್ಯ ಮಾಡಿಸಿಕೊಳ್ಳಬಹುದಾಗಿದ್ದ ಅವಕಾಶವನ್ನು ಟಂಕಸಾಲೆಗಳಲ್ಲಿ ರದ್ದುಗೊಳಿಸಲಾಯಿತು. ರೂಪಾಯಿಯ ಪೂರೈಕೆ ಬಿಗಿಯಾಗಿ ದರ ಮೆಲ್ಲನೆ ಏರಿತು. 1899ರ ಕಾಯಿದೆಯಿಂದ 1 ಷಿಲ್ಲಿಂಗ್ 4 ಪೆನ್ಸ್ ದರ, ಅಂದರೆ ಪೌಂಡಿಗೆ 15 ರೂಪಾಯಿ, ನೆಲೆನಿಂತಿತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದುಬಾರಿಯಾದಾಗ ಈ ದರ ಮುರಿದುಬಿತ್ತು. 1920ರಲ್ಲಿ 2 ಷಿಲ್ಲಿಂಗ್ ದರವನ್ನು ನಿಲ್ಲಿಸಲು ಮಾಡಿದ ಯತ್ನವೂ ವಿಫಲವಾಯಿತು.

1926ರಲ್ಲಿ ಹಿಲ್ಟನ್ ಯಂಗ್ ಆಯೋಗವು 1 ಷಿಲ್ಲಿಂಗ್ 6 ಪೆನ್ಸ್ ದರವನ್ನು ಶಿಫಾರಸು ಮಾಡಿತು. ಆಯೋಗದ ಸದಸ್ಯರಲ್ಲೊಬ್ಬರಾದ ಪುರುಷೋತ್ತಮದಾಸ್ ಠಾಕೂರ್‌ದಾಸರು 4 ಪೆನ್ಸಿನ ಹಳೆಯ ದರವೇ ಬೇಕೆಂದು ಭಿನ್ನಮತ ಬರೆದರು. ಆದರೂ 1927ರಲ್ಲಿ 6 ಪೆನ್ಸಿನ ದರವೇ ಕಾಯಿದೆಯಾಯಿತು. ಕೇವಲ ಎರಡು ಪೆನ್ಸಿಗೆ ಇಷ್ಟು ಜಗಳವೇಕೆ? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ನಮ್ಮ ಧಾರವಾಡ ಸೀಮೆಯ ರೈತನೊಬ್ಬ ಬೆಳೆದ ಹತ್ತಿಗೆ ಹೊರದೇಶದ ಪೇಟೆಯಲ್ಲಿ 10 ಪೌಂಡ್ ಬೆಲೆ ಬಂತೆಂದು ಇಟ್ಟುಕೊಳ್ಳಿ. ಹಳೆಯ ದರದಲ್ಲಿ ಅದು 150 ರೂಪಾಯಿ. ಹೊಸ ದರದಲ್ಲಿ 133 ರೂಪಾಯಿ 5 ಆಣೆ 4 ಪೈ. ಆದರೆ ಅವನ ಕಂದಾಯವಾಗಲಿ, ಸಾಹುಕಾರನ ಸಾಲವಾಗಲಿ ಒಂದು ಪೈಯಷ್ಟೂ ಇಳಿಯಲಿಲ್ಲ. ಇತ್ತ ಊರಿಗೆ 1000 ರೂಪಾಯಿ ಕಳುಹಿಸುವ ಆಂಗ್ಲ ಅಧಿಕಾರಿಗೆ ಹಳೆಯ ದರದಲ್ಲಿ 66 ಪೌಂಡ್ 13 ಷಿಲ್ಲಿಂಗ್ 4 ಪೆನ್ಸ್ ಸಿಗುತ್ತಿದ್ದರೆ, ಹೊಸ ದರದಲ್ಲಿ 75 ಪೌಂಡ್! ಸರ್ಕಾರಕ್ಕೆ ಹೋಂ ಚಾರ್ಜಸ್ ಹಗುರ. ಲ್ಯಾಂಕಷೈರಿನ ಬಟ್ಟೆ ನಮ್ಮ ಪೇಟೆಯಲ್ಲಿ ಅಗ್ಗ.

ಹಾಗೆಂದು ರೂಪಾಯಿ ಇಳಿದರೆ ಎಲ್ಲರಿಗೂ ಒಳಿತೆಂದು ತಿಳಿಯುವುದೂ ತಪ್ಪು. ರೂಪಾಯಿ ಇಳಿದಾಗ ಬೆಲೆಗಳಷ್ಟು ಬೇಗ ಕೂಲಿ ಏರುವುದಿಲ್ಲ. ವ್ಯಾಪಾರಿಯ ಲಾಭ ಕೂಲಿಕಾರನ ಬುತ್ತಿಯಿಂದ ಬಂದದ್ದೆಂಬ ಎಚ್ಚರವನ್ನು ಡಾ. ಅಂಬೇಡ್ಕರ್ ಅವರು 1923ರಲ್ಲಿ ಪ್ರಕಟವಾದ ತಮ್ಮ 'ದಿ ಪ್ರಾಬ್ಲಮ್ ಆಫ್ ದ ರುಪೀ' ಗ್ರಂಥದಲ್ಲಿಯೇ ಕೊಟ್ಟಿದ್ದರು.

ಉಪ್ಪಿನ ಸತ್ಯಾಗ್ರಹವನ್ನು ನಾವೆಲ್ಲ ಪಾಠವಾಗಿ ಓದಿದ್ದೇವೆ. ಆದರೆ 1930ರ ಜನವರಿಯಲ್ಲಿ ಗಾಂಧೀಜಿಯವರು ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಉಪ್ಪಿನ ತೆರಿಗೆಯ ರದ್ದು ಮತ್ತು ಭೂಕಂದಾಯದ ಅರ್ಧ ಕಡಿತದ ಜೊತೆಗೆ, ರೂಪಾಯಿಯ ದರವನ್ನು 1 ಷಿಲ್ಲಿಂಗ್ 4 ಪೆನ್ಸಿಗೆ ಇಳಿಸಬೇಕೆಂಬುದೂ ಒಂದಾಗಿತ್ತೆಂಬುದು ಹಲವರಿಗೆ ತಿಳಿಯದು.

ಆ ಬೇಡಿಕೆ ಈಡೇರಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಆಧಾರವನ್ನೇ ಕೈಬಿಟ್ಟಾಗಲೂ ರೂಪಾಯಿಯನ್ನು ಅದೇ ದರದಲ್ಲಿ ಪೌಂಡಿಗೆ ಬಿಗಿಯಲಾಯಿತು. ಆರ್ಥಿಕ ಮುಗ್ಗಟ್ಟಿನಿಂದ ಬೆಳೆಗೆ ಬೆಲೆಯಿಲ್ಲದ ಕಾಲವದು. ಕಂದಾಯ ಕಟ್ಟಲು, ಸಾಲ ತೀರಿಸಲು ಹಳ್ಳಿಗಳ ಹೆಣ್ಣುಮಕ್ಕಳ ಮೈಮೇಲಿನ ಒಡವೆಗಳು ಪೇಟೆಗೆ ಬಂದವು. ಕರಗಿ ಗಟ್ಟಿಯಾಗಿ ಹಡಗನ್ನೇರಿದವು. ಆಗ ಆ ಚಿನ್ನವನ್ನು 'ಸಂಕಟದ ಚಿನ್ನ'ವೆಂದೇ ಕರೆದರು.

ಸ್ವಾತಂತ್ರ್ಯಾನಂತರವೂ ಆ ಗಂಟು ಬಿಚ್ಚಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಪೌಂಡು ಅಪಮೌಲ್ಯಗೊಂಡಾಗ ರೂಪಾಯಿಯೂ ಅದರ ಬೆನ್ನಿಗೇ ಇಳಿಯಿತು; ಡಾಲರಿನ ಬೆಲೆ 4 ರೂಪಾಯಿ 12 ಆಣೆಗೆ ಏರಿತು. 1966ರ ಜೂನ್ 6ರಂದು ರೂಪಾಯಿಯನ್ನು ಪ್ರತ್ಯೇಕವಾಗಿ ಅಪಮೌಲ್ಯಗೊಳಿಸಿ ಪೌಂಡಿಗೆ 21 ರೂಪಾಯಿ, ಡಾಲರಿಗೆ 7 ರೂಪಾಯಿ 50 ಪೈಸೆ ಎಂದು ಗೊತ್ತುಮಾಡಿದಾಗ ಮಾತ್ರ 1927ರ ಆ ದರ ಕೊನೆಗೊಂಡಿತು.

ರೂಪಾಯಿಯ ದರವನ್ನು ದೇಶದ ಮಾನ-ಅವಮಾನದ ಅಳತೆಗೋಲಾಗಿ ಕಾಣುವವರಿಗೆ ಈ ಇತಿಹಾಸ ಒಂದು ವಿವೇಕವನ್ನು ಕಲಿಸುತ್ತದೆ. ಪರಾಧೀನ ಭಾರತದ ರೂಪಾಯಿ ಕಾಗದದ ಮೇಲೆ 'ಬಲಿಷ್ಠ'ವಾಗಿತ್ತು. ಆದರೆ ಆ ಬಲ ರೈತನ ಮನೆಯನ್ನು ತಲುಪಲಿಲ್ಲ. ದರ ಏರಿತೆಂದು ಹಿಗ್ಗುವ ಮುನ್ನ, ಇಳಿಯಿತೆಂದು ಕುಗ್ಗುವ ಮುನ್ನ, ಮಾರುವವನು ಯಾರು, ಕೊಳ್ಳುವವನು ಯಾರು, ಸಾಲ ತೀರಿಸಬೇಕಾದವನು ಯಾರು ಎಂದು ವಿಚಾರಿಸುವುದು ಲೇಸು.