ಗಗನಚುಕ್ಕಿಯ ಪ್ರೇಕ್ಷಕರು

ಅಂತರಿಕ್ಷದಲ್ಲಿ ನಿಂತು ನೆಲದ ಸೊಬಗನ್ನು ನೋಡಬೇಕೆಂಬ ಅಪೇಕ್ಷೆಯು ಬಹು ಪ್ರಾಚೀನವಾದುದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕದಿಂದ ಸೀತೆಗೆ ಸಮುದ್ರವನ್ನೂ ಜನಸ್ಥಾನವನ್ನೂ ತೋರಿಸುತ್ತ ಬರುವನು. ಕವಿಕಲ್ಪನೆಯಲ್ಲಿದ್ದ ಈ ಸುಖವು ಮನುಷ್ಯದೇಹಕ್ಕೆ ಲಭಿಸಿದುದು ೧೭೮೩ರಲ್ಲಿ. ಫ್ರಾನ್ಸಿನ ಮೋಂಗೊಲ್ಫಿಯೇ ಸಹೋದರರು ರಚಿಸಿದ ಬಿಸಿಗಾಳಿಯ ಬೆಲೂನನ್ನೇರಿ ಆ ವರ್ಷದ ನವೆಂಬರಿನಲ್ಲಿ ಇಬ್ಬರು ಪ್ಯಾರಿಸ್ ನಗರದ ಮೇಲೆ ಸಂಚರಿಸಿದರು. ಭರತಖಂಡದಲ್ಲಿ ೧೮೮೯ರಲ್ಲಿ ಕಲ್ಕತ್ತೆಯ ರಾಮಚಂದ್ರ ಚಟರ್ಜಿಯು ಬೆಲೂನಿನಲ್ಲಿ ಮೇಲೇರಿದನು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬೆಲೂನಿನ ಕೆಲಸವನ್ನು ಬೆಟ್ಟಗಳೇ ಮಾಡಿಕೊಂಡು ಬಂದಿವೆ. ಸುಮಾರು ೫೦೦೦ ಅಡಿ ಎತ್ತರದಲ್ಲಿರುವ ಬಿಳಿಗಿರಿರಂಗನ ಸನ್ನಿಧಿಯಿಂದ ಕೆಳಗಿನ ಬಯಲು ಹಾಸಿದ ಕಂಬಳಿಯಂತೆ ಕಾಣುತ್ತದೆ. ಆದರೆ ಬಿಳಿಗಿರಿಗಾಗಲಿ ಮಲೆಯ ಮಹದೇಶ್ವರನ ಬೆಟ್ಟಕ್ಕಾಗಲಿ ಹತ್ತಿದವರು ದೇವರ ದರ್ಶನಕ್ಕಾಗಿ ಹತ್ತಿದವರು. ದೃಶ್ಯವು ಅವರಿಗೆ ದಾರಿಯಲ್ಲಿ ದೊರೆತ ಪ್ರಸಾದ. ನೋಡುವುದನ್ನೇ ಉದ್ದೇಶವಾಗಿಟ್ಟುಕೊಂಡು ಬಂದ ಪ್ರೇಕ್ಷಕನ ಚರಿತ್ರೆಯನ್ನು ಶಿವನಸಮುದ್ರದಲ್ಲಿ ಅರಸಬೇಕು.

ಕಾವೇರಿಯು ಇಲ್ಲಿ ಎರಡಾಗಿ ಒಡೆದು ಪಶ್ಚಿಮದಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದಲ್ಲಿ ಭರಚುಕ್ಕಿಯಾಗಿಯೂ ಸುಮಾರು ೩೦೦ ಅಡಿ ಕೆಳಕ್ಕೆ ಧುಮುಕುವುದು. ನಡುವಣ ದ್ವೀಪವು ಮಧ್ಯರಂಗಕ್ಷೇತ್ರ. ಈ ದ್ವೀಪದಲ್ಲಿ ಹಿಂದೆ ಒಂದು ಪಟ್ಟಣವಿದ್ದಿತು. ಅದರ ನಾಶದ ಐತಿಹ್ಯವು ಕರುಣರಸಪ್ರಧಾನವಾದುದು. ಗಂಗರಾಜನ ತರುವಾಯ ಆಳಿದ ನಂದಿರಾಜನು ಯಾವುದೋ ಆಚಾರಲೋಪದ ಪ್ರಾಯಶ್ಚಿತ್ತಕ್ಕಾಗಿ ಪತ್ನೀಸಮೇತನಾಗಿ ಕುದುರೆಯೊಡನೆ ಗಗನಚುಕ್ಕಿಗೆ ಹಾರಿದನಂತೆ. ಬಳಿಕ ಬಂದ ಎರಡನೆಯ ಗಂಗರಾಜನು ಶತ್ರುಗಳು ಊರನ್ನು ಹೊಕ್ಕಾಗ ಅಂತಃಪುರದವರನ್ನು ತಾನೇ ಕೊಂದು ರಣದಲ್ಲಿ ಬಿದ್ದನೆಂದೂ, ಅವನ ಅಳಿಯಂದಿರು ಹೆಂಡಿರೊಡನೆ ಅದೇ ಮಡುವನ್ನು ಸೇರಿದರೆಂದೂ ಹೇಳುವರು.

ಈ ಕಥೆಯನ್ನು ಯಥಾವತ್ತಾಗಿ ಚರಿತ್ರೆಯೆಂದು ಸ್ವೀಕರಿಸಲಾಗದು. ಹಾಗೆಂದು ಕಟ್ಟುಕಥೆಯೆಂದು ತಳ್ಳಿಬಿಡುವುದೂ ಅವಿಚಾರವಾದೀತು. ಸುಮಾರು ೧೫೧೦-೧೨ರಲ್ಲಿ ವಿಜಯನಗರದ ಕೃಷ್ಣದೇವರಾಯನು ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ ಶಿವನಸಮುದ್ರವನ್ನು ವಶಪಡಿಸಿಕೊಂಡುದು ಚರಿತ್ರೆಗೆ ಸೇರಿದ ಮಾತು. ಸೋತ ಗಂಗರಾಜನು ಓಡಿಹೋಗುತ್ತ ಕಾವೇರಿಯಲ್ಲಿ ಮುಳುಗಿ ಮಡಿದನೆಂಬುದನ್ನು ಚರಿತ್ರಕಾರರು ಬರೆದಿರುವರು. ಗಂಗರಾಜನೆಂಬ ಹೆಸರು, ದ್ವೀಪದ ದುರ್ಗ, ಜಲದಲ್ಲಿ ಮರಣ ಎಂಬ ಮೂರು ಅಂಶಗಳೂ ಎರಡು ಕಡೆಯೂ ಸಮಾನವಾಗಿರುವುದರಿಂದ, ಒಂದೇ ದುರಂತದ ಸ್ಮರಣೆಯು ಜನರ ಬಾಯಲ್ಲಿ ಮೂರು ತಲೆಮಾರುಗಳಿಗೆ ಹಂಚಿಹೋಯಿತೆಂದು ಊಹಿಸುವುದು ಯುಕ್ತವಾಗಿ ತೋರುವುದು. ಜನಪದವು ಓಡಿಹೋದ ಅರಸನನ್ನು ನೆನೆಯಲೊಲ್ಲದು, ಧುಮುಕಿದವನನ್ನು ನೆನೆಯುತ್ತದೆ.

೧೮೦೦ರಲ್ಲಿ ಈ ಸೀಮೆಯನ್ನು ಸುತ್ತಿದ ಬುಕಾನನನು ಎರಡು ಅಬ್ಬಿಗಳನ್ನೂ ಕಂಡು ವರ್ಣಿಸಿರುವನು. ಆಗ ದ್ವೀಪವು ಹಾಳುಬಿದ್ದಿತ್ತು. ಪಿಶಾಚಗಳ ಭಯದಿಂದ ಜನರು ನೆಲಸಲು ಅಂಜುತ್ತಿದ್ದರು. ಅದನ್ನು ಪ್ರೇಕ್ಷಕರ ಸ್ಥಳವನ್ನಾಗಿ ಮಾಡಿದ ಕೀರ್ತಿಯು ರಾಮಸ್ವಾಮಿ ಮೊದಲಿಯಾರನಿಗೆ ಸಲ್ಲತಕ್ಕುದು. ಮೈಸೂರಿನ ರೆಸಿಡೆಂಟರ ಆಪ್ತಕಾರ್ಯಗಾರನಾಗಿದ್ದ ಈತನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಾಡು ಕಡಿಯಿಸಿ ಸೇತುವೆಗಳನ್ನು ಕಟ್ಟಿಸಿದನು. ನದಿಯ ಬಂಡೆಯ ಮೇಲೆ ಕಲ್ಲಿನ ಕಂಬಗಳನ್ನು ನಿಲ್ಲಿಸಿ, ಮೇಲೆ ಕಲ್ಲಿನ ತೊಲೆಗಳನ್ನೇ ಹಾಸಿದ ರಚನೆ ಅದು. ಸರಕಾರದವರು ಅವನಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟರು. ಸೇತುವೆಯಾದ ಮೇಲೆ ದೊರೆಗಳು ಬಂದರು, ಚಿತ್ರ ಬರೆಯುವವರು ಬಂದರು. ಅರಸರು ಪ್ರಾಣ ಕಳೆದುಕೊಂಡ ಸ್ಥಳವು ವಿನೋದಸ್ಥಾನವಾಯಿತು.

೧೯೦೨ರಲ್ಲಿ ಇಲ್ಲಿಯ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಸುಮಾರು ೯೨ ಮೈಲಿ ಹರಿಯಿತು. ನೀರನ್ನು ಕಾಲುವೆಗೆ ತಿರುಗಿಸಿದುದರಿಂದ ಬೇಸಗೆಯಲ್ಲಿ ಗಗನಚುಕ್ಕಿಯು ಬಂಡೆಯ ಗೋಡೆ ಮಾತ್ರವಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಬಂದವನೇ ಭಾಗ್ಯವಂತ.

ಈಗ ಅನ್ಯದೇಶಗಳಲ್ಲಿರುವಂತೆ ಪ್ರೇಕ್ಷಕರನ್ನು ಬೆಲೂನಿನಲ್ಲಿ ಕೂರಿಸಿ ಈ ಸೀಮೆಯನ್ನು ತೋರಿಸಿದರೇನೆಂದು ಯಾರಾದರೂ ಕೇಳಬಹುದು. ಬೆಲೂನಿಗೆ ಚುಕ್ಕಾಣಿಯಿಲ್ಲ. ಕಾಯಿಸಿದರೆ ಏರುವುದು, ಆರಿದರೆ ಇಳಿಯುವುದು; ದಿಕ್ಕು ಗಾಳಿಯದು. ಇಳಿಯುವುದಕ್ಕೆ ವಿಶಾಲವಾದ ಬಯಲು ಬೇಕು. ಇಲ್ಲಿಯಾದರೋ ಒಂದು ಕಡೆ ಕಮರಿ, ಒಂದು ಕಡೆ ವಿದ್ಯುತ್ತಂತಿ, ಹನೂರಿನತ್ತ ಕಾವೇರಿಯ ವನ್ಯಧಾಮ, ಯಳಂದೂರಿನತ್ತ ೨೦೧೧ರಲ್ಲಿ ಹುಲಿಗಳಿಗೆಂದು ಮೀಸಲಾದ ಬಿಳಿಗಿರಿಯ ಕಾಡು. ಸೋಲಿಗರು ತಲೆಮಾರುಗಳಿಂದ ಬಾಳಿಕೊಂಡು ಬಂದ ಆ ಕಾಡಿನ ಮೇಲೆ ಉರಿಯನ್ನು ಹೊತ್ತ ಬುಟ್ಟಿಯನ್ನು ಗಾಳಿಯ ವಶಕ್ಕೆ ಬಿಡುವುದು ವಿವೇಕವೆನಿಸದು.

ಅದಕ್ಕಿಂತ ಮೊದಲು ನೆಲದ ಮೇಲಿನ ದಾರಿಯನ್ನು ವಿಚಾರಿಸತಕ್ಕುದು. ೨೦೧೮ರ ಆಗಸ್ಟಿನ ಮಹಾಪೂರದಲ್ಲಿ ಹಳೆಯ ಸೇತುವೆಯ ಕಂಬಗಳು ಕೆಲವು ಉರುಳಿ ಒಂದು ಭಾಗವು ಕೊಚ್ಚಿಹೋಯಿತು. ತೊಲೆಯ ಕಲ್ಲುಗಳು ಬಿದ್ದುದು ಅದೇ ನದಿಯ ಪಾತ್ರದಲ್ಲಿ.