ಪೊಸೋಲೆ ಎಂಬ ಹೆಸರು

ಮೆಕ್ಸಿಕೋದಲ್ಲಿ ಹಬ್ಬ, ಹುಟ್ಟುಹಬ್ಬವೆಂದರೆ ದೊಡ್ಡ ಪಾತ್ರೆಯಲ್ಲಿ ಕುದಿಯುವ ಪದಾರ್ಥ ಪೊಸೋಲೆ. ಬಿಳಿಯ ದಪ್ಪ ಮುಸುಕಿನ ಜೋಳದ ಕಾಳು, ಹಂದಿಯ ಇಲ್ಲವೆ ಕೋಳಿಯ ಮಾಂಸ, ತುಂಬ ರಸ. ಬಡಿಸಿದ ಮೇಲೆ ಕೋಸು, ಮೂಲಂಗಿ, ಈರುಳ್ಳಿ, ನಿಂಬೆಹುಳಿ. ಹಾಲಿಸ್ಕೊದವರು ಒಣಮೆಣಸಿನಕಾಯಿ ಅರೆದು ಕೆಂಪಗೆ ಮಾಡುತ್ತಾರೆ. ಗೆರೆರೊದವರಿಗೆ ಗುರುವಾರದ ಹಸಿರು ಪೊಸೋಲೆಯೇ ಮೇಲು.

ಇದರ ಹೆಸರೆತ್ತಿದರೆ ಸಾಕು, ಕೆಲವರು ನರಮಾಂಸದ ಕಥೆ ತೆಗೆಯುತ್ತಾರೆ: ಆಜ್ಟೆಕರು ಬಲಿಯಾದವರ ಮಾಂಸದಿಂದ ಇದನ್ನು ಮಾಡುತ್ತಿದ್ದರು, ಸ್ಪೇನಿನವರು ಬಂದು ಹಂದಿಯನ್ನು ಹಾಕಿಸಿದರು ಎಂದು. ಕಥೆಗೆ ಆಧಾರವೇ ಇಲ್ಲವೆನ್ನಲಾಗದು. 1529ರಲ್ಲಿ ಅಲ್ಲಿಗೆ ಬಂದ ಪಾದ್ರಿ ಬೆರ್ನಾರ್ದಿನೊ ದೆ ಸಾಹಗುನ್, ಶೀಪೆ ತೋತೆಕ್ ದೇವರ ಹಬ್ಬದಲ್ಲಿ ಸೆರೆಯಾಳಿನ ಮಾಂಸದ ತುಂಡನ್ನು ಜೋಳದೊಡನೆ ಬೇಯಿಸಿ ಹಂಚುತ್ತಿದ್ದರೆಂದು ಬರೆದಿದ್ದಾನೆ. ಆದರೆ ಅಲ್ಲಿ ಅವನು ಕೊಡುವ ಹೆಸರು ‘ತ್ಲಾಕತ್ಲಾವೊಲ್ಲಿ’, ಎಂದರೆ ‘ಮನುಷ್ಯ-ಜೋಳ’; ಪೊಸೋಲೆ ಅಲ್ಲ. ಒಂದು ಆಚರಣೆಯ ಊಟವನ್ನು ಇಡೀ ನಾಡಿನ ಅಡುಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪೊಸೋಲೆಯ ಮೂಲ ನಹುವಾತ್ಲ್ ಭಾಷೆಯ ‘ಪೊಸೊಲ್ಲಿ’. ಅದಕ್ಕೆ ನಂಟಿರುವ ಕ್ರಿಯಾಪದ ‘ಪೊಸೋನಿ’: ಕುದಿ, ನೊರೆಯೇಳು. ವಾಯವ್ಯದ ಕಾಹಿತ ಭಾಷೆಯ ಪದವೆನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ. ದೂರದ ದಕ್ಷಿಣದ ತಬಾಸ್ಕೊ, ಚಿಯಾಪಾಸ್‌ಗಳಲ್ಲಿ ಜೋಳದ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಕದಡಿ ಕುಡಿಯುವ ಪಾನೀಯಕ್ಕೆ ‘ಪೊಸೋಲ್’ ಎಂದೇ ಹೆಸರು. ಅದರಲ್ಲಿ ಮಾಂಸದ ಸುಳಿವೇ ಇಲ್ಲ!

ಕಾಳು ನೊರೆಯಂತೆ ಅರಳುವುದರ ಗುಟ್ಟು ಸುಣ್ಣದಲ್ಲಿದೆ, ನಾವು ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣ. ಸುಣ್ಣದ ನೀರಿನಲ್ಲಿ ಜೋಳವನ್ನು ಬೇಯಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಕಳಚುತ್ತದೆ. ಕಾಳಿನ ಬುಡದ ತುದಿಯನ್ನು ಉಗುರಿನಿಂದ ಚಿವುಟಿ ಮತ್ತೆ ಕುದಿಸಿದರೆ ಹೂವಿನಂತೆ ಬಿರಿಯುತ್ತದೆ. ಸುಣ್ಣ ಹಾಕಿದ ಜೋಳಕ್ಕೆ ‘ನಿಷ್ತಮಾಲ್’ ಎನ್ನುತ್ತಾರೆ. ಅದರ ಮೊದಲ ಭಾಗ ‘ನೆಷ್ತ್ಲಿ’ ಎಂದರೆ ಬೂದಿ. ಜೋಳದಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಬಿಡಿಸುವುದೂ ಈ ಸುಣ್ಣವೇ. ಯುರೋಪಿನವರು ಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಜೋಳವನ್ನೇ ನಂಬಿದ ಬಡವರಿಗೆ ಚರ್ಮ ಸುಲಿದು ಬುದ್ಧಿ ಕೆಡಿಸುವ ಪೆಲಾಗ್ರ ಹತ್ತಿತು. ಸ್ಪೇನಿನ ವೈದ್ಯ ಗಾಸ್ಪರ್ ಕಾಸಲ್ 1735ರಲ್ಲಿ ಅದನ್ನು ಗುರುತಿಸಿದ. ಅದು ನಯಾಸಿನ್ ಕೊರತೆಯೆಂದು ಗೊತ್ತಾಗಲು 1937 ಬರಬೇಕಾಯಿತು.

ಅಮೆರಿಕದ ಅಂಗಡಿಗಳಲ್ಲಿ ‘ಹಾಮಿನಿ’ ಎಂದು ಡಬ್ಬಿಯಲ್ಲಿ ಸಿಗುವುದೂ ಇಂಥದೇ ಕಾಳು. ಆ ಹೆಸರು ವರ್ಜೀನಿಯದ ಪೌಹಾಟನ್ ಜನರ ಭಾಷೆಯದು. ಮಾಂಸ ಬೇಡದವರು ಹುರುಳಿಕಾಯಿಯ ಒಣಬೀಜ ಇಲ್ಲವೆ ಅಣಬೆ ಹಾಕಿ ಕುದಿಸಬಹುದು, ನೊರೆ ಬರುತ್ತದೆ.