ನೀತಿ ಮತ್ತು ಉತ್ತಮ ಆಡಳಿತದ ತರಬೇತಿ (ಕರ್ನಾಟಕ)

ಸರ್ಕಾರಿ ನೌಕರರಿಗೆ ನಡತೆ ನಿಯಮ, ಹಣಕಾಸಿನ ಶಿಸ್ತು ಹಾಗೂ ಜನರೊಡನೆ ನಡೆದುಕೊಳ್ಳುವ ರೀತಿಯನ್ನು ಕಲಿಸುವ ಸೇವಾ ಶಿಕ್ಷಣ. ರಾಜ್ಯದಲ್ಲಿ ಇದರ ಮುಖ್ಯ ನೆಲೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ. ಅದರ ಕೈಕೆಳಗೆ ತುಮಕೂರೂ ಸೇರಿದಂತೆ ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಪಂಚಾಯಿತಿ ಸಿಬ್ಬಂದಿಯ ತರಬೇತಿಯನ್ನು ಮೈಸೂರಿನಲ್ಲೇ ಇರುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ನೋಡಿಕೊಳ್ಳುತ್ತದೆ.

ಯೋಗ್ಯತೆ ನೋಡಿ ಅಧಿಕಾರಿಗಳನ್ನು ಆರಿಸುವ ಪದ್ಧತಿ ಇಲ್ಲಿ ಹಳೆಯದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ನೀತಿಯನ್ನು ಪ್ರತ್ಯೇಕ ಪಾಠವಾಗಿ ಹೇಳಿಕೊಡುವುದು ಮಾತ್ರ ಇತ್ತೀಚಿನದು. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದಲ್ಲಿ ನೀತಿ ಕುರಿತೇ ಒಂದು ವರದಿ ಕೊಟ್ಟಿತು. 2013ರಿಂದ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲೂ ನೀತಿಗೆ ಒಂದು ಪತ್ರಿಕೆ ಬಂತು.

ಬುನಾದಿ ತರಬೇತಿಯ ನೀತಿಪಾಠಕ್ಕೆ ಆಧಾರ ನಡತೆ ನಿಯಮಗಳು. 1966ರ ನಿಯಮಗಳ ಬದಲಿಗೆ 2021ರಲ್ಲಿ ಹೊಸವು ಜಾರಿಯಾದವು. ಉಡುಗೊರೆ ಪಡೆಯುವುದಕ್ಕೆ ಮಿತಿ, ವರ್ಷಕ್ಕೊಮ್ಮೆ ಆಸ್ತಿ ಮತ್ತು ಹೊಣೆಗಾರಿಕೆಯ ವಿವರ ಸಲ್ಲಿಕೆ ಇವೆಲ್ಲ ಅವುಗಳಲ್ಲಿವೆ. ಆದರೆ ವಿಷಯ ನಿರ್ವಾಹಕರಿಗೆ ಎದುರಾಗುವ ಪ್ರಶ್ನೆ ಅಷ್ಟು ಸರಳವಲ್ಲ. ಲಂಚ ಬೇಡ ಎನ್ನುವುದು ಎಲ್ಲರಿಗೂ ಗೊತ್ತು. ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಕಡತದ ಟಿಪ್ಪಣಿಯಲ್ಲಿ ದಾಖಲಿಸಬೇಕೋ ಬೇಡವೋ ಎಂಬಲ್ಲಿ ಕೈ ತಡೆಯುತ್ತದೆ. ವರ್ಗಾವಣೆಯ ಭಯ ಬೆನ್ನಿಗಿರುವಾಗ ಎರಡು ದಿನದ ಉಪನ್ಯಾಸ ಎಷ್ಟು ನಿಂತೀತು?

ಹೀಗಾಗಿ ಪಾಠಕ್ಕಿಂತ ವ್ಯವಸ್ಥೆಯೇ ಹೆಚ್ಚು ಕಲಿಸಿದೆ ಎನ್ನಬಹುದು. 2011ರ ಕಾಯಿದೆಯಂತೆ 2012ರ ಏಪ್ರಿಲ್‌ನಲ್ಲಿ ಆರಂಭವಾದ, ಸರ್ಕಾರಿ ಸೇವೆಗಳಿಗೆ ಗಡುವು ಗೊತ್ತುಮಾಡುವ ‘ಸಕಾಲ’ ಯೋಜನೆ ಇದಕ್ಕೆ ನಿದರ್ಶನ. ತುಮಕೂರಿನ ಉಪ್ಪಾರಹಳ್ಳಿಯ ನಿವಾಸಿಯೊಬ್ಬರು ಜಾತಿ ಅಥವಾ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಕೈಗೆ ಸಿಗುವ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಅರ್ಜಿ ಯಾವ ಹಂತದಲ್ಲಿದೆ ಎಂದು ನೋಡಬಹುದು. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಅದು ತಪ್ಪಿತಸ್ಥರ ಸಂಬಳದಿಂದಲೇ ಕಡಿತವಾಗಬೇಕು. ಮೊತ್ತ ಚಿಕ್ಕದು, ಕೇಳುವವರೂ ಕಡಿಮೆ. ಆದರೂ ‘ನಾಳೆ ಬಾ’ ಎನ್ನುವ ಮಾತಿಗೆ ತಾರೀಕಿನ ಲೆಕ್ಕ ಬಂದುಬಿಟ್ಟಿತು.

ಶಿಕ್ಷೆಯ ಕಡೆ 1984ರ ಲೋಕಾಯುಕ್ತ ಕಾಯಿದೆ ಇದೆ. 2016ರಲ್ಲಿ ರಚಿಸಿದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಮಾಡಿದ ಮೇಲೆ ತನಿಖೆಯ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದೆ.